ಇಂಡೋನೇಷ್ಯಾದ ಎರಡು ‘ನಾವು’

ಕೇಳುಗರಿಗೆ ನಮಸ್ಕಾರ. ಇಂಡೋನೇಷ್ಯಾದ ಶಾಲೆಗಳಲ್ಲಿ ಭಾಷೆಯ ಪಾಠ ಮಕ್ಕಳ ನಡತೆಯನ್ನು ಹೇಗೆ ರೂಪಿಸುತ್ತದೆ? ನಾನು ಹೇಳುವುದು ಒಂದೇ ಮಾತು: ಮಗು ದಿನಾ ಕಟ್ಟುವ ವಾಕ್ಯದಲ್ಲೇ ಅದರ ನಡತೆ ಬೆಳೆಯುತ್ತದೆ.

ಕನ್ನಡದಲ್ಲಿ ‘ನಾವು’ ಒಂದೇ. ತೆಲುಗು ಬಲ್ಲವರಿಗೆ ಮೇಮು, ಮನಮು ಗೊತ್ತು. ಇಂಡೋನೇಷ್ಯನ್ ಭಾಷೆಯಲ್ಲೂ ಹಾಗೇ: ಎದುರಿನವರನ್ನು ಬಿಟ್ಟರೆ ‘ಕಾಮಿ’, ಸೇರಿಸಿಕೊಂಡರೆ ‘ಕಿತಾ’.

ಅಲ್ಲಿನ ಶಾಲೆಗಳಲ್ಲಿ ‘ಪಿಕೆತ್’ ಎಂಬ ಸರದಿ ಇದೆ. ದಿನಕ್ಕೊಂದು ಗುಂಪು ತರಗತಿ ಗುಡಿಸಿ ಹಲಗೆ ಒರೆಸಬೇಕು. ಆ ಗುಂಪಿನಿಂದ ಎರಡೇ ವಾಕ್ಯದ ವರದಿ ಬರೆಸಿ. ಮೊದಲನೆಯದು, ‘ಕಾಮಿ ಮೆನ್ಯಾಪು ಲಾಂತೈ’, ನಾವು ನೆಲ ಗುಡಿಸಿದೆವು. ಇಲ್ಲಿ ‘ಕಿತಾ’ ಬರೆದರೆ ಪೊರಕೆ ಮುಟ್ಟದವರೂ ಗುಡಿಸಿದಂತಾಯಿತು. ಎರಡನೆಯದು, ತರಗತಿಯನ್ನು ನಾವು ಚೊಕ್ಕಟವಾಗಿಡಬೇಕು. ಇಲ್ಲಿ ‘ಕಾಮಿ’ ಬಂದರೆ ಹೊಣೆ ಗುಡಿಸಿದವರ ತಲೆಗೇ, ಪೆನ್ಸಿಲ್ ಹೊಟ್ಟು ಚೆಲ್ಲಿದವನು ಪಾರು! ಹಾಗಾಗಿ ‘ಕಿತಾ’ ಬೇಕು.

ಎಡವುವುದು ಎಲ್ಲಿ? ಜಕಾರ್ತಾ ಕಡೆಯ ಆಡುಮಾತಿನಲ್ಲಿ ಎರಡಕ್ಕೂ ‘ಕಿತಾ’ ಅನ್ನುವುದುಂಟು, ಮಗು ಅದನ್ನೇ ಬರೆಯುತ್ತದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚಿದರೆ ವ್ಯಾಕರಣವಷ್ಟೇ ಸರಿಹೋದೀತು. ವರದಿ ಕೇಳಿದ ಸಹಪಾಠಿ ‘ಇದರಲ್ಲಿ ನಾನೂ ಇದ್ದೀನಾ?’ ಎಂದು ಕೇಳಲಿ, ಬರೆದವರು ತಾವೇ ತಿದ್ದಲಿ. ನಡತೆ ಬೆಳೆಯುವುದು ಆ ತಿದ್ದುವಿಕೆಯಲ್ಲಿ.

ಡಚ್ಚರ ಆಳ್ವಿಕೆಯಲ್ಲಿದ್ದಾಗ ಇಂಡೋನೇಷ್ಯಾದ ಯುವಜನರು 1928ರ ಅಕ್ಟೋಬರ್ 28ರಂದು ಮಾಡಿದ ಪ್ರತಿಜ್ಞೆ ಶುರುವಾಗುವುದೂ ‘ಕಾಮಿ’ ಎಂದೇ. ಒಂದೇ ತಾಯ್ನೆಲ, ಒಂದೇ ರಾಷ್ಟ್ರ ಎಂದು ಒಪ್ಪಿಕೊಂಡವರು ಭಾಷೆಗೆ ಬಂದಾಗ ಕ್ರಿಯಾಪದ ಬದಲಿಸಿದರು: ‘ಒಂದೇ ಭಾಷೆ’ ಎನ್ನದೆ, ಒಗ್ಗೂಡಿಸುವ ಭಾಷೆಯಾದ ಇಂಡೋನೇಷ್ಯನ್ನನ್ನು ಎತ್ತಿಹಿಡಿಯುತ್ತೇವೆ ಎಂದರು. ಅದು 700ಕ್ಕೂ ಹೆಚ್ಚು ಭಾಷೆಗಳ ನಾಡು. ಮನೆಯಲ್ಲಿ ಜಾವಾನೀಸ್ ಆಡುವ ಮಗುವನ್ನು ಗದರುವ ಶಿಕ್ಷಕರು ಆ ಕ್ರಿಯಾಪದವನ್ನು ಇನ್ನೊಮ್ಮೆ ಓದಬೇಕು.

ಸಮಯ ಕಡಿಮೆಯಿದೆ, ಇನ್ನೆರಡು ವಿಷಯ ಬೇಗ ಹೇಳುತ್ತೇನೆ. ಕಥೆ ಮುಗಿದ ಮೇಲೆ ‘ಅಮಾನತ್’, ಅಂದರೆ ನೀತಿ, ಏನೆಂದು ಕೇಳುವ ರೂಢಿಯಿದೆ. ಕಥೆ ಓದದ ಮಗುವೂ ‘ಪ್ರಾಮಾಣಿಕರಾಗಿರಬೇಕು’ ಎಂದು ಬರೆದು ಅಂಕ ಪಡೆಯುತ್ತದೆ. ದಯವಿಟ್ಟು ಬಿಡಿ ಅದನ್ನು! ಸುಳ್ಳು ಯಾವ ಸಾಲಿನಲ್ಲಿ ಬಂತು, ಅದರಿಂದ ನಷ್ಟ ಯಾರಿಗಾಯಿತು, ಅದನ್ನು ಕೇಳಿ.

ಇನ್ನೊಂದು ‘ಬೆಲುಮ್’, ಇನ್ನೂ ಇಲ್ಲ ಎಂದರ್ಥ. ಮನೆಕೆಲಸ ಆಯಿತೇ ಎಂದರೆ ‘ತಿದಾಕ್’, ಇಲ್ಲ, ಎಂದವನ ಮಾತು ಅಲ್ಲಿಗೆ ಮುಗಿಯಿತು. ‘ಬೆಲುಮ್’ ಎಂದವನನ್ನು ‘ಹಾಗಾದರೆ ಯಾವತ್ತು?’ ಎಂದು ಕೇಳಬಹುದು. ಕೇಳಿ, ಪೂರ್ತಿ ವಾಕ್ಯದಲ್ಲಿ ದಿನಾಂಕ ಹಾಕಿ ಬರೆಸಿ. ನಮಸ್ಕಾರ.