ಎರಡು ಕಪಾಟು, ಒಬ್ಬ ಕೊಲೆಗಾರ

ಕೇಳುಗರಿಗೆ ನಮಸ್ಕಾರ.

ಸರಣಿ ಕೊಲೆಗಾರನನ್ನು ಪೊಲೀಸರು ಬೆನ್ನಟ್ಟುವ ಸಿನಿಮಾ ಮಾಡಲೇಬೇಕು ಎಂದು ನೋಟ್‌ಬುಕ್ ಹಿಡಿದು ಕೂತಿದ್ದೀರಲ್ಲ, ಈ ಮಾತು ನಿಮಗೆ. ನಿಮ್ಮ ಮೊದಲ ದೃಶ್ಯ ಹೇಳಲೇ? ರಾತ್ರಿ, ಜಡಿಮಳೆ, ಜೀಪಿನ ದೀಪ, ಸಿಗರೇಟು ಹಚ್ಚುವ ಇನ್‌ಸ್ಪೆಕ್ಟರ್. ದಯವಿಟ್ಟು ಹೊಡೆದು ಹಾಕಿ. ಕೊಲೆಗಾರ ಸಿಗುವುದು ಮಳೆಯಲ್ಲಲ್ಲ, ಕಡತದಲ್ಲಿ.

ನಮ್ಮ ಕರಾವಳಿಯದೇ ಪ್ರಕರಣ ತೆಗೆದುಕೊಳ್ಳಿ. ಸೈನೈಡ್ ಮೋಹನ್ ಎಂದೇ ಕರೆಸಿಕೊಂಡ ಮೋಹನ್ ಕುಮಾರ್, ಮೊದಲು ದಕ್ಷಿಣ ಕನ್ನಡದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳನ್ನು ಕೊಂದ ಆರೋಪ ಅವನ ಮೇಲೆ. ವರದಕ್ಷಿಣೆ ಕೊಡಲಾಗದ ಮನೆಗಳನ್ನು ನೋಡಿ ಮದುವೆಯ ಮಾತಾಡುತ್ತಿದ್ದ. ದೂರದೂರಿನ ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆಯನ್ನು ರೂಮಿನಲ್ಲೇ ಬಿಚ್ಚಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಬಸಿರಾಗದಿರಲು ಇದನ್ನು ನುಂಗು ಎಂದು ಮಾತ್ರೆ ಕೊಟ್ಟು ಶೌಚಾಲಯಕ್ಕೆ ಕಳಿಸುತ್ತಿದ್ದ.

ಈಗ ಠಾಣೆಯೊಳಗೆ ಬನ್ನಿ. ಒಳಗಿನಿಂದ ಚಿಲಕ ಹಾಕಿದ ಶೌಚಾಲಯ, ಬಾಗಿಲು ಒಡೆದರೆ ಶವ. ಗಾಯವಿಲ್ಲ, ಗುರುತಿನ ಚೀಟಿಯಿಲ್ಲ. ಠಾಣೆ ಏನು ಬರೆದುಕೊಳ್ಳುತ್ತದೆ? ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ವರದಿ. ಆಗ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 194. ಅಪರಿಚಿತ ಹೆಂಗಸು, ಆತ್ಮಹತ್ಯೆ ಇರಬಹುದು, ಕಡತ ಕಪಾಟಿಗೆ. ಅತ್ತ ಅವಳ ಊರಿನ ಠಾಣೆಯಲ್ಲಿ ‘ಕಾಣೆಯಾಗಿದ್ದಾಳೆ’ ಎಂಬ ಇನ್ನೊಂದು ಕಡತ. ಬೇರೆ ಜಿಲ್ಲೆ, ಬೇರೆ ಕಪಾಟು. ಎರಡನ್ನೂ ಒಂದೇ ಮೇಜಿಗೆ ತಂದವರಿಲ್ಲ. ಖಳನ ಬುದ್ಧಿವಂತಿಕೆಯ ಬಗ್ಗೆ ನೀವು ಹತ್ತು ಪುಟ ಬರೆಯುತ್ತೀರಿ. ಅದರಲ್ಲಿ ಎಂಟು ಪುಟ ಈ ಕಪಾಟುಗಳಿಗೆ ಸಲ್ಲಬೇಕು ಸ್ವಾಮಿ!

2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಬೇರೆ ಧರ್ಮದವನ ಜೊತೆ ಓಡಿಹೋದಳು ಎಂದು ಗಲಾಟೆಯೆದ್ದು ಪೊಲೀಸರ ಮೇಲೆ ಒತ್ತಡ ಬಿತ್ತು. ಅವಳ ಕರೆಪಟ್ಟಿ ತರಿಸಿದರು. ಅದರಲ್ಲಿದ್ದ ಒಂದು ನಂಬರು ಕಾಣೆಯಾದ ಇನ್ನೊಬ್ಬಳದು. ಆ ಇನ್ನೊಬ್ಬಳ ಪಟ್ಟಿ ತೆಗೆದರೆ ಅಲ್ಲಿ ಮತ್ತೊಬ್ಬಳು. ಒಬ್ಬಳ ಫೋನಿನಿಂದ ಮುಂದಿನವಳಿಗೆ ಕರೆ! ಕೊನೆಗೆ ಮೊಬೈಲ್ ಟವರ್ ತೋರಿಸಿದ್ದು ಮಂಗಳೂರು ಬಳಿಯ ದೇರಳಕಟ್ಟೆಯನ್ನು. ಅಕ್ಟೋಬರ್‌ನಲ್ಲಿ ಮೋಹನನ ಬಂಧನವಾಯಿತು. ಮಂಗಳೂರಿನ ನ್ಯಾಯಾಲಯದಿಂದ ಮೊದಲ ಶಿಕ್ಷೆ 2013ರಲ್ಲಿ, 20ನೇ ಪ್ರಕರಣದ ತೀರ್ಪು ಬಂದಾಗ 2020.

ಆ ಪಟ್ಟಿಯ ಹಾಳೆಯನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಲಿ. ಯಾರಿಂದ, ಯಾರಿಗೆ, ದಿನಾಂಕ, ಹೊತ್ತು, ಎಷ್ಟು ಸೆಕೆಂಡು, ಯಾವ ಟವರ್, ಕೊನೆಗೆ 15 ಅಂಕಿಯ ಐಎಂಇಐ, ಅಂದರೆ ಹ್ಯಾಂಡ್‌ಸೆಟ್ಟಿನ ಗುರುತಿನ ಸಂಖ್ಯೆ. ಸಿಮ್ ಬದಲಿಸಿದರೆ ನಂಬರು ಬದಲಾದೀತು, ಹ್ಯಾಂಡ್‌ಸೆಟ್ಟಿನ ಐಎಂಇಐ ಅದೇ. ಕಾನ್‌ಸ್ಟೆಬಲ್ ಸ್ಕೇಲ್ ಇಟ್ಟು ಸಾಲು ಸಾಲಾಗಿ ಓದುತ್ತಾ, ಎರಡು ಬೇರೆ ನಂಬರುಗಳ ಎದುರು ಅದೇ 15 ಅಂಕಿ ಕಂಡಾಗ ಪೆನ್ನು ನಿಲ್ಲಿಸುತ್ತಾನೆ. ನಿಮ್ಮ ಇಂಟರ್‌ವಲ್ ಅಲ್ಲಿದೆ. ಹಿನ್ನೆಲೆ ಸಂಗೀತವೂ ಬೇಡ.

ಮೋಹನನ ಕಥೆಯೇ ಹೊತ್ತು ತಿಂದಿತು, ಉಳಿದದ್ದು ಬೇಗ ಬೇಗ. ವಿಷದ ವರದಿ ಮಧ್ಯಾಹ್ನ ಊಟದೊಳಗೆ ಬರುವುದಿಲ್ಲ. ಶವಪರೀಕ್ಷೆಯಲ್ಲಿ ಜಠರವನ್ನು ಅದರೊಳಗಿರುವುದರ ಸಮೇತ ಒಂದು ಬಾಟಲಿಗೆ, ಸುಮಾರು 500 ಗ್ರಾಂ ಯಕೃತ್ತನ್ನು ಇನ್ನೊಂದಕ್ಕೆ ಹಾಕಿ, ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರು ತುಂಬುತ್ತಾರೆ. ರಕ್ತ ಬೇರೆಯೇ. ಎಲ್ಲಕ್ಕೂ ಅರಗಿನ ಮುದ್ರೆ. ಸೈನೈಡ್ ಆವಿಯಾಗುವ ವಿಷ, ಮುಚ್ಚಳ ಸಡಿಲವಿದ್ದು ಬಾಟಲಿ ವಾರಗಟ್ಟಲೆ ಬಿದ್ದಿದ್ದರೆ ಪ್ರಯೋಗಾಲಯಕ್ಕೆ ಏನೂ ಸಿಗದೇ ಹೋಗಬಹುದು. ಸೈನೈಡಿನ ಕಹಿ ಬಾದಾಮಿಯಂಥ ವಾಸನೆ ಹಿಡಿದೇ ಕಂಡುಹಿಡಿಯುವ ಡಾಕ್ಟರನ್ನೂ ಕೈಬಿಡಿ. ಆ ವಾಸನೆ ಎಲ್ಲ ಮೂಗಿಗೂ ತಿಳಿಯುವುದಿಲ್ಲ.

ಕಡೆಯದಾಗಿ, ಕೊರಿಯಾದ ‘ಮೆಮೊರೀಸ್ ಆಫ್ ಮರ್ಡರ್’ ನೋಡಿ, 2003ರ ಚಿತ್ರ. 1986ರಿಂದ 1991ರವರೆಗೆ ಹ್ವಾಸಾಂಗ್ ಸುತ್ತಮುತ್ತ ನಡೆದ ಕೊಲೆಗಳು ಅದಕ್ಕೆ ಆಧಾರ. ಚಿತ್ರ ಬಂದಾಗ ಕೊಲೆಗಾರ ಯಾರೆಂದು ತಿಳಿದಿರಲಿಲ್ಲ. 2019ರಲ್ಲಿ ಡಿಎನ್‌ಎ ತಾಳೆಯಾಯಿತು. ಅವನು 1994ರ ಇನ್ನೊಂದು ಕೊಲೆಗೆ ಆಗಲೇ ಜೀವಾವಧಿ ಶಿಕ್ಷೆಯಲ್ಲಿದ್ದ. ಹಿಂದೆ ಪೊಲೀಸರೇ ಅವನನ್ನು ವಿಚಾರಿಸಿದ್ದರು. ಕೊಲೆಗಾರನ ರಕ್ತದ ಗುಂಪು ಬಿ ಎಂದು ನಂಬಿ ಕೂತಿದ್ದರು, ಇವನದು ಓ. ಹೆಸರು ಬರೆದುಕೊಂಡು, ಬಿಟ್ಟು ಕಳಿಸಿದರು.

ನಮಸ್ಕಾರ.