ಕಡಲಿನ ರೇಡಿಯೋ: ಖಾಲಿ ಚಾನೆಲ್‌ಗೆ ಎಷ್ಟು ಬೆಲೆ?

ಎಲ್ಲರಿಗೂ ನಮಸ್ಕಾರ.

ತರಂಗಾಂತರ ಅಂದ ಕೂಡಲೇ ನಮ್ಮಲ್ಲಿ ಜನರಿಗೆ ನೆನಪಾಗುವುದು 2ಜಿ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು. ಅವತ್ತಿನಿಂದ ಒಂದು ಮಾತು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ: ತರಂಗಾಂತರ ಸಾರ್ವಜನಿಕ ಆಸ್ತಿ, ಅದನ್ನು ಹರಾಜು ಹಾಕಬೇಕು, ಜಾಸ್ತಿ ದುಡ್ಡು ಕೂಗಿದವರಿಗೆ ಕೊಡಬೇಕು. ಮೊಬೈಲ್ ಕಂಪನಿಗಳ ಮಟ್ಟಿಗೆ ಇದು ಸರಿಯೇ ಇರಬಹುದು. ಸಮುದ್ರಕ್ಕೆ ಇಳಿದರೆ ಲೆಕ್ಕ ಬೇರೆ. ಅಲ್ಲಿ ಎಲ್ಲಕ್ಕಿಂತ ಬೆಲೆ ಇರುವುದು ಹೆಚ್ಚಿನ ಹೊತ್ತು ಯಾರೂ ಮಾತಾಡದ ಚಾನೆಲ್‌ಗೆ. ಆ ಖಾಲಿ ಜಾಗವನ್ನು ಸರ್ಕಾರಗಳು ಹೇಗೆ ಕಾಯ್ದುಕೊಂಡು ಬಂದವು, ಎಲ್ಲಿ ಎಡವಿದವು ಅನ್ನುವುದು ಇವತ್ತಿನ ವಿಷಯ.

ಮೊದಲ ಜಗಳ ಖಾಲಿ ಜಾಗದ್ದಾಗಿರಲಿಲ್ಲ, ಜಂಬದ್ದಾಗಿತ್ತು. ಹಡಗುಗಳಿಗೆ ರೇಡಿಯೋ ಯಂತ್ರ ಒದಗಿಸುತ್ತಿದ್ದ ಮಾರ್ಕೋನಿ ಕಂಪನಿಯ ಆಪರೇಟರುಗಳು ಬೇರೆ ಕಂಪನಿಯ ಯಂತ್ರದಿಂದ ಬಂದ ಸಂದೇಶಕ್ಕೆ ಉತ್ತರ ಕೊಡುತ್ತಿರಲಿಲ್ಲ. 1902ರಲ್ಲಿ ಜರ್ಮನಿಯ ರಾಜಕುಮಾರ ಹೆನ್ರಿ ಅಮೆರಿಕದಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದ. ಹಡಗಿನಲ್ಲಿದ್ದದ್ದು ಜರ್ಮನ್ ಯಂತ್ರ. ಹಾಗಾಗಿ ಅವನ ಸಂದೇಶವನ್ನೂ ಮಾರ್ಕೋನಿ ಕೇಂದ್ರಗಳು ತೆಗೆದುಕೊಳ್ಳಲಿಲ್ಲ. ರಾಜಮನೆತನಕ್ಕೆ ಬಿಸಿ ತಟ್ಟಿದ ಮೇಲೆ ಕೆಲಸ ಬೇಗ ಆಗುತ್ತದೆ, ಅಲ್ವಾ? 1903ರಲ್ಲಿ ಬರ್ಲಿನ್‌ನಲ್ಲಿ ದೇಶಗಳು ಸೇರಿದವು. 1906ರಲ್ಲಿ ಅಲ್ಲೇ ಒಪ್ಪಂದವೂ ಆಯಿತು. ಹಡಗು ಮತ್ತು ದಡದ ನಡುವೆ ಯಾವ ಕಂಪನಿಯ ಯಂತ್ರವಾದರೂ ಸಂದೇಶ ಸ್ವೀಕರಿಸಬೇಕು ಅಂತಾಯಿತು. ಎಸ್‌ಒಎಸ್ ಅನ್ನುವ ಅಪಾಯದ ಕರೆ ಬಂದದ್ದೂ ಅದರಲ್ಲೇ. ಹಡಗುಗಳಿಗೆ 300 ಮೀಟರ್ ಮತ್ತು 600 ಮೀಟರ್ ಅಂತ ಎರಡು ತರಂಗಾಂತರ ಗೊತ್ತು ಮಾಡಿದರು. ಮೀಟರ್ ಅನ್ನುವುದು ಅಲೆಯ ಉದ್ದ; ಆ 600 ಮೀಟರ್ ಅಂದರೆ ಈಗಿನ ಲೆಕ್ಕದಲ್ಲಿ 500 ಕಿಲೋಹರ್ಟ್ಸ್ ಫ್ರೀಕ್ವೆನ್ಸಿ. ಮುಂದೆ ಸುಮಾರು 90 ವರ್ಷ ಅಪಾಯದ ಕರೆ ಓಡಾಡಿದ್ದು ಅದರ ಮೇಲೆ.

ಇಷ್ಟೆಲ್ಲ ನಿಯಮ ಇದ್ದೂ ಟೈಟಾನಿಕ್ ಮುಳುಗಿತು. ಆ ರಾತ್ರಿಯ ರೇಡಿಯೋ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1912ರ ಏಪ್ರಿಲ್ 14. ರಾತ್ರಿ ಸುಮಾರು 11 ಗಂಟೆ. ಕ್ಯಾಲಿಫೋರ್ನಿಯನ್ ಅನ್ನುವ ಹಡಗು ಮಂಜುಗಡ್ಡೆಗಳ ನಡುವೆ ಸಿಕ್ಕಿ ನಿಂತಿತ್ತು. ಅದರ ಆಪರೇಟರ್ ಸಿರಿಲ್ ಇವಾನ್ಸ್ ಈ ವಿಷಯವನ್ನು ಟೈಟಾನಿಕ್‌ಗೆ ಹೇಳಲು ಹೋದ. ಟೈಟಾನಿಕ್‌ನ ಜ್ಯಾಕ್ ಫಿಲಿಪ್ಸ್ ಆಗ ಪ್ರಯಾಣಿಕರ ಟೆಲಿಗ್ರಾಂಗಳನ್ನು ಕೇಪ್ ರೇಸ್ ಕೇಂದ್ರಕ್ಕೆ ಕಳಿಸುತ್ತಿದ್ದ. ಆ ಟೆಲಿಗ್ರಾಂಗಳಿಗೆ ದುಡ್ಡು ಬರುತ್ತಿತ್ತು. ಮಧ್ಯೆ ಬಂದ ಇವಾನ್ಸ್‌ನ ಸಿಗ್ನಲ್ ಕಿವಿಗೆ ಬಡಿಯುವಷ್ಟು ಜೋರಾಗಿತ್ತು. 'ಬಾಯಿ ಮುಚ್ಚು, ನಾನು ಕೆಲಸದಲ್ಲಿದ್ದೇನೆ' ಅಂತ ಫಿಲಿಪ್ಸ್ ಗದರಿದ. ಇವಾನ್ಸ್ ಇನ್ನೊಂದಷ್ಟು ಹೊತ್ತು ಕೇಳಿಸಿಕೊಂಡು ಕೂತಿದ್ದ. 11:30ರ ಹೊತ್ತಿಗೆ ಯಂತ್ರ ಆಫ್ ಮಾಡಿ ಮಲಗಿದ. ಆ ಹಡಗಿಗೆ ಇದ್ದದ್ದು ಅವನೊಬ್ಬನೇ ಆಪರೇಟರ್, ಬೆಳಗ್ಗೆಯಿಂದ ಕೆಲಸ ಮಾಡಿದ್ದ. 11:40ಕ್ಕೆ ಟೈಟಾನಿಕ್ ಮಂಜುಗಡ್ಡೆಗೆ ಬಡಿಯಿತು. ಹತ್ತಿಪ್ಪತ್ತು ಮೈಲಿ ದೂರದಲ್ಲಿದ್ದ ಕ್ಯಾಲಿಫೋರ್ನಿಯನ್‌ಗೆ ಒಂದು ಕರೆಯೂ ಕೇಳಿಸಲಿಲ್ಲ. 58 ಮೈಲಿ ಆಚೆ ಇದ್ದ ಕಾರ್ಪೇಥಿಯಾಗೆ ಕೇಳಿಸಿತು. ಅದರ ಆಪರೇಟರ್ ಹೆರಾಲ್ಡ್ ಕಾಟಮ್ ಮಲಗಲು ಹೊರಟಿದ್ದರೂ ಹೆಡ್‌ಫೋನ್ ಇನ್ನೂ ಕಿವಿಯಲ್ಲೇ ಇತ್ತು, ಅದಕ್ಕೆ. ಆ ಹಡಗು ಬಂದು ಏಳುನೂರಕ್ಕೂ ಜಾಸ್ತಿ ಜನರನ್ನು ಎತ್ತಿಕೊಂಡಿತು. 1,500ರಷ್ಟು ಜನ ಸತ್ತರು.

ಇಲ್ಲಿ ಫ್ರೀಕ್ವೆನ್ಸಿಗೆ ಏನೂ ಕೊರತೆ ಇರಲಿಲ್ಲ. ಕರೆಯೂ ಗಾಳಿಯಲ್ಲಿತ್ತು. ಕಿವಿ ಇರಲಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕ ರೇಡಿಯೋ ಕಾಯ್ದೆ ತಂದಿತು. ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು ಅಂತಾಯಿತು. ಹವ್ಯಾಸಕ್ಕೆ ರೇಡಿಯೋ ನಡೆಸುವವರನ್ನು 200 ಮೀಟರ್‌ಗಿಂತ ಚಿಕ್ಕ ಅಲೆಗಳಿಗೆ ತಳ್ಳಿದರು. ಆ ತರಂಗಗಳು ಯಾತಕ್ಕೂ ಬರುವುದಿಲ್ಲ ಅಂದುಕೊಂಡೇ ಕೊಟ್ಟದ್ದು. ಸಾಗರ ದಾಟುವ ಶಾರ್ಟ್‌ವೇವ್ ಅದೇ ಅಂತ ಆಮೇಲೆ ಗೊತ್ತಾಯಿತು. ಸರ್ಕಾರ ಬಂಜರು ಅಂತ ಕೊಟ್ಟ ಜಮೀನಿನಲ್ಲಿ ಚಿನ್ನ ಸಿಕ್ಕ ಹಾಗೆ!

ನಂತರದ ಒಪ್ಪಂದಗಳಲ್ಲಿ ನನಗೆ ತುಂಬ ಇಷ್ಟವಾದ ನಿಯಮ ಒಂದಿದೆ. ಹಳೇ ಹಡಗುಗಳ ರೇಡಿಯೋ ಕೋಣೆಯ ಗಡಿಯಾರ ನೋಡಿದ್ದೀರಾ? ಮುಖದ ಮೇಲೆ ಎರಡು ಕೆಂಪು ಪಟ್ಟಿ, ಎರಡು ಹಸಿರು ಪಟ್ಟಿ ಇರುತ್ತವೆ. ನಿಮಿಷದ ಮುಳ್ಳು 15ರಿಂದ 18ರವರೆಗೆ, ಮತ್ತೆ 45ರಿಂದ 48ರವರೆಗೆ ಕೆಂಪಿನ ಮೇಲೆ ಇರುವಾಗ 500 ಕಿಲೋಹರ್ಟ್ಸ್‌ನಲ್ಲಿ ಯಾರೂ ಕೀ ಒತ್ತುವಂತಿಲ್ಲ. ಹಸಿರು ಪಟ್ಟಿ 2182 ಕಿಲೋಹರ್ಟ್ಸ್‌ನ ಧ್ವನಿ ಕರೆಗೆ, ಗಂಟೆಯ ಶುರುವಿನ ಮೂರು ನಿಮಿಷ ಮತ್ತು ಅರ್ಧ ಗಂಟೆಯ ನಂತರದ ಮೂರು ನಿಮಿಷ. ಆಗ ಎಲ್ಲರೂ ಬಾಯಿ ಮುಚ್ಚಿ ಕಿವಿ ಕೊಡಬೇಕು. ಮುಳುಗುತ್ತಿರುವ ಹಡಗಿನ ಬ್ಯಾಟರಿ ಕುಗ್ಗಿ ಸಿಗ್ನಲ್ ಕ್ಷೀಣವಾಗಿದ್ದರೂ ಆ ಮೂರು ನಿಮಿಷದಲ್ಲಿ ಕೇಳಿಸಲಿ ಅಂತ. ಗಂಟೆಗೆ ಆರು ನಿಮಿಷ ವ್ಯಾಪಾರ ಬಂದ್. ಅದಕ್ಕಾಗಿ ಯಾವ ಸರ್ಕಾರವೂ ಯಾವ ಕಂಪನಿಗೂ ಪರಿಹಾರ ಕೊಡಲಿಲ್ಲ.

ಆ ಗಡಿಯಾರಗಳು ಈಗ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. 1999ರ ಫೆಬ್ರವರಿ 1ರಿಂದ ಉಪಗ್ರಹವನ್ನೂ ಬಳಸುವ ಜಿಎಂಡಿಎಸ್‌ಎಸ್ ಅನ್ನುವ ಜಾಗತಿಕ ಕಡಲ ಅಪಾಯ-ಸುರಕ್ಷತಾ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು. ದಡದ ಹತ್ತಿರ ಈಗ ವಿಎಚ್‌ಎಫ್ ಸೆಟ್. ನಮ್ಮ ಮಲ್ಪೆ, ಮಂಗಳೂರಿನ ದೋಣಿಗಳಲ್ಲಿ 'ವೈರ್‌ಲೆಸ್' ಅಂತ ಕರೆಯುವುದು ಇದನ್ನೇ. ಅದರಲ್ಲಿ ಅಪಾಯದ ಕರೆಗೂ ಮೊದಲ ಕರೆಗೂ ಇಟ್ಟಿರುವುದು ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್. ನಾರ್ವೆಯಲ್ಲೂ ಅದೇ, ಕಾರವಾರದಲ್ಲೂ ಅದೇ. ಕರೆ ಮಾಡಿ, ಬೇರೆ ಚಾನೆಲ್‌ಗೆ ಹೋಗಿ ಮಾತಾಡಬೇಕು. 16ರಲ್ಲಿ ಹರಟೆ ಹೊಡೆಯುವಂತಿಲ್ಲ. ಅದರ ಎರಡೂ ಪಕ್ಕದ 75 ಮತ್ತು 76ನೇ ಚಾನೆಲ್‌ಗಳಲ್ಲಿ ಸೆಟ್‌ನ 25 ವ್ಯಾಟ್ ಬಳಸಲು ಬಿಡುವುದಿಲ್ಲ, ಒಂದೇ ವ್ಯಾಟ್. ಅಂದರೆ ಒಂದು ಚಾನೆಲ್ ಶುದ್ಧವಾಗಿರಲಿ ಅಂತ ಪಕ್ಕದ ಎರಡನ್ನೂ ಹೆಚ್ಚುಕಡಿಮೆ ಬಿಟ್ಟುಕೊಟ್ಟಿದ್ದಾರೆ.

ಇಷ್ಟು ಕಾವಲು ಯಾಕೆ? ಒಂದು ಸಣ್ಣ ಘಟನೆ ಕಲ್ಪಿಸಿಕೊಳ್ಳಿ. ದೋಣಿಯಲ್ಲಿ ಯಾರೋ ಮೈಕನ್ನು ಸೀಟಿನ ಮೇಲೆ ಎಸೆದಿದ್ದಾರೆ. ಅದರ ಮೇಲೆ ಇನ್ನೊಬ್ಬರು ಕೂತರು. ಗುಂಡಿ ಒತ್ತಿಕೊಂಡಿತು. ಸೆಟ್ 16ರಲ್ಲಿದೆ. ಎಂಜಿನ್ ಸದ್ದು, ಕೆಮ್ಮು, ಹಾಡು ಎಲ್ಲ ಸುತ್ತಲಿನ ಹಡಗುಗಳಿಗೆ ಕೇಳುತ್ತಿದೆ. ಮೈಕ್ ಒತ್ತಿರುವ ತನಕ ಆ ಸೆಟ್‌ಗೆ ಬೇರೆಯವರ ಮಾತು ಕೇಳುವುದಿಲ್ಲ. ಹಾಗಾಗಿ 'ಅಣ್ಣಾ, ಮೈಕ್ ಬಿಡು' ಅಂತ ಯಾರು ಕೂಗಿದರೂ ಪ್ರಯೋಜನವಿಲ್ಲ. ಅಷ್ಟು ಹೊತ್ತು ಆ ಪ್ರದೇಶದಲ್ಲಿ ದೂರದಿಂದ ಬರುವ ಸಣ್ಣ ದನಿ ಮುಚ್ಚಿಹೋಗುತ್ತದೆ. ಎಲ್ಲ ದೇಶದ ಕೋಸ್ಟ್ ಗಾರ್ಡ್‌ನವರಿಗೂ ಇದು ತಲೆನೋವು.

ಈಗ ಹರಾಜಿನ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ತರಂಗಾಂತರ ಹಂಚುವುದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ. 1998ರ ಡಿಸೆಂಬರ್‌ನಲ್ಲಿ ಅದು ಹಡಗಿನಿಂದ ದಡದ ಫೋನ್‌ಗೆ ಸಂಪರ್ಕ ಕೊಡುವ ವಿಎಚ್‌ಎಫ್ ಚಾನೆಲ್‌ಗಳನ್ನು ಹರಾಜು ಹಾಕಿತು. ಕರಾವಳಿ ವಲಯಗಳು ಮಾರಿಟೆಲ್ ಅನ್ನುವ ಕಂಪನಿಗೆ ಹೋದವು. ಆ ಚಾನೆಲ್‌ಗಳಲ್ಲಿ ಒಂದು 87ಬಿ, 161.975 ಮೆಗಾಹರ್ಟ್ಸ್. ಒಂದು ವರ್ಷ ಹಿಂದೆ, 1997ರಲ್ಲಿ, ಜಗತ್ತಿನ ರೇಡಿಯೋ ಸಮ್ಮೇಳನ ಇದೇ ಫ್ರೀಕ್ವೆನ್ಸಿಯನ್ನು ಎಐಎಸ್‌ಗೆ ಅಂತ ಆರಿಸಿತ್ತು. ಎಐಎಸ್ ಅಂದರೆ ಹಡಗು ತನ್ನ ಹೆಸರು, ಜಾಗ, ವೇಗ, ದಿಕ್ಕನ್ನು ತಾನೇ ಸಾರುತ್ತಾ ಹೋಗುವ ವ್ಯವಸ್ಥೆ. ಪ್ರತಿ ಚಾನೆಲ್‌ನಲ್ಲಿ ಒಂದು ನಿಮಿಷವನ್ನು 2,250 ಚೂರು ಮಾಡಿ, ಯಾವ ಚೂರು ಯಾರದು ಅಂತ ಹಡಗುಗಳೇ ತಮ್ಮೊಳಗೆ ಹೊಂದಿಸಿಕೊಳ್ಳುತ್ತವೆ. ಹರಾಜು ಕೂಗುವವರು ಬೇಕಿಲ್ಲ!

ಒಂದು ಕಡೆ ದುಡ್ಡು ಕೊಟ್ಟು ಲೈಸೆನ್ಸ್ ಪಡೆದ ಕಂಪನಿ. ಇನ್ನೊಂದು ಕಡೆ 2001ರ ಸೆಪ್ಟೆಂಬರ್ ದಾಳಿಯ ನಂತರ ಪ್ರತಿ ಹಡಗಿನ ಮೇಲೂ ಕಣ್ಣಿಡಬೇಕು ಅನ್ನುವ ಕೋಸ್ಟ್ ಗಾರ್ಡ್. ಮಾತುಕತೆ ಮುರಿಯಿತು. ಅಷ್ಟರಲ್ಲಿ ಮೊಬೈಲ್ ಫೋನ್ ಬಂದು ದಡದ ಫೋನ್ ವ್ಯಾಪಾರವನ್ನೂ ತಿಂದುಹಾಕುತ್ತಿತ್ತು. ಕೊನೆಗೆ 2006ರಲ್ಲಿ ಎಫ್‌ಸಿಸಿ 87ಬಿಯನ್ನು ಎಐಎಸ್‌ಗೆ ಮೀಸಲಿಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ತಪ್ಪು ಕಂಪನಿಯದಲ್ಲ. ಜಗತ್ತಿಗೆ ಮಾತು ಕೊಟ್ಟಿದ್ದ ಚಾನೆಲ್ಲನ್ನು ಒಳಗೆ ಮಾರಿದ್ದೇ ಎಡವಟ್ಟು.

ಇದಕ್ಕೆ ಪೂರ್ತಿ ಉಲ್ಟಾ ಇರುವ ಪ್ರಕರಣವೂ ಅಮೆರಿಕದ್ದೇ. 1981ರಲ್ಲಿ ಮಿಸಿಸಿಪ್ಪಿ ನದಿಯ ಸರಕು ದೋಣಿಗಳಿಗಾಗಿ ಒಂದು ಸೇವೆ ಶುರು ಮಾಡಿದರು. 217ರಿಂದ 220 ಮೆಗಾಹರ್ಟ್ಸ್ ಒಳಗೆ ಎರಡು ಪಟ್ಟಿ ಮೀಸಲು. 2004, 2005ರಲ್ಲಿ ಅದನ್ನೂ ಹರಾಜು ಹಾಕಿದರು. ದೋಣಿಯವರು ಅಷ್ಟಾಗಿ ಬಳಸಲಿಲ್ಲ. 2008ರ ಸೆಪ್ಟೆಂಬರ್ 12ರಂದು ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್‌ನಲ್ಲಿ ಎರಡು ರೈಲು ಮುಖಾಮುಖಿ ಡಿಕ್ಕಿಯಾಗಿ 25 ಜನ ಸತ್ತರು. ಪ್ಯಾಸೆಂಜರ್ ರೈಲಿನ ಚಾಲಕ ಮೊಬೈಲ್‌ನಲ್ಲಿ ಮೆಸೇಜ್ ಮಾಡುತ್ತಾ ಕೆಂಪು ಸಿಗ್ನಲ್ ದಾಟಿದ್ದ. ರೈಲನ್ನು ತಾನಾಗಿ ನಿಲ್ಲಿಸುವ ರೇಡಿಯೋ ವ್ಯವಸ್ಥೆ ಕಡ್ಡಾಯ ಅಂತ ಅದೇ ವರ್ಷ ಕಾಯ್ದೆ ಬಂತು. ಲಾಸ್ ಏಂಜಲೀಸ್‌ನ ರೈಲು ಸಂಸ್ಥೆ ಅದಕ್ಕೆ ಬೇಕಾದ ಫ್ರೀಕ್ವೆನ್ಸಿ ಕೊಳ್ಳಲು ಹೊರಟದ್ದು ಇಲ್ಲೇ, ದೋಣಿಗೆ ಅಂತ ಇಟ್ಟ ಪಟ್ಟಿಯಲ್ಲಿ. ಲೈಸೆನ್ಸ್ ಹೊಂದಿದ್ದ ಕಂಪನಿಯ ಅರ್ಹತೆಯ ಬಗ್ಗೆ, ಅದು ಕೇಂದ್ರಗಳನ್ನು ನಿಜವಾಗಿ ಕಟ್ಟಿ ನಡೆಸಿದೆಯಾ ಅನ್ನುವ ಬಗ್ಗೆ 2011ರಲ್ಲಿ ವಿಚಾರಣೆ ಶುರುವಾಯಿತು. ರೈಲು ಸಂಸ್ಥೆ ವರ್ಷಗಟ್ಟಲೆ ಕಾಯಬೇಕಾಯಿತು.

ಚಾನೆಲ್ 16 ಬಹಳ ಹೊತ್ತು ಖಾಲಿ. ನದಿಯ ಈ ಪಟ್ಟಿಯೂ ಖಾಲಿ. ಸ್ಪೆಕ್ಟ್ರಮ್ ಅಳೆಯುವ ಯಂತ್ರ ಇಟ್ಟು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ 16ರ ಮೇಲೆ ಹಗಲು ರಾತ್ರಿ ಸಾವಿರಾರು ಕಿವಿಗಳಿವೆ. ನದಿಯ ಪಟ್ಟಿಯಲ್ಲಿ ಕೇಳುವವರು ಯಾರೂ ಇರಲಿಲ್ಲ. ನಿಯಂತ್ರಿಸುವವರು ನೋಡಬೇಕಾದದ್ದು ಇದನ್ನು, ಎಷ್ಟು ಹೊತ್ತು ಮಾತು ನಡೆಯುತ್ತಿದೆ ಅನ್ನುವುದನ್ನಲ್ಲ.

ನಮ್ಮ ದೇಶದ ವಿಷಯ ಚುಟುಕಾಗಿ ಹೇಳುತ್ತೇನೆ. ಮನೆಯ ರೇಡಿಯೋಗೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟಿದ್ದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಸೆಟ್ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕು ಅಂದದ್ದು 1933ರ ವೈರ್‌ಲೆಸ್ ಕಾಯ್ದೆ. ತರಂಗಾಂತರ ಹಂಚುವ ಕೆಲಸ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ್ದು. 2023ರ ದೂರಸಂಪರ್ಕ ಕಾಯ್ದೆ ಹರಾಜೇ ನಿಯಮ ಅನ್ನುತ್ತದೆ. ಆದರೆ ಹರಾಜಿಲ್ಲದೆ ಕೊಡಬಹುದಾದವುಗಳ ಪಟ್ಟಿ ಅದರ ಮೊದಲ ಅನುಸೂಚಿಯಲ್ಲಿದೆ. ಬಂದರು, ಹಡಗು ಸಂಚಾರ, ಒಳನಾಡು ಜಲಮಾರ್ಗಗಳ ಸುರಕ್ಷತೆ ಅದರೊಳಗಿವೆ. 2ಜಿ ಗದ್ದಲ ಕಂಡ ದೇಶ ಇದನ್ನು ಬರೆದಿಟ್ಟದ್ದು ಒಳ್ಳೆಯದಾಯಿತು.

ಕರಾವಳಿಯ ಹುಡುಗರಿಗೆ ಒಂದು ಮಾತು. ಹೊಸ ವಿಎಚ್‌ಎಫ್ ಸೆಟ್‌ಗಳಲ್ಲಿ ಮುಚ್ಚಳದ ಕೆಳಗೆ ಕೆಂಪು ಗುಂಡಿ ಇರುತ್ತದೆ. ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಅಪಾಯದ ಸಂದೇಶ ತಾನಾಗಿ ಹೋಗುತ್ತದೆ. ಅದರ ಜೊತೆ ಹೋಗುವುದು ಎಂಎಂಎಸ್‌ಐ, ಅಂದರೆ ದೋಣಿಯ ಗುರುತಿನ ಒಂಬತ್ತು ಅಂಕಿಯ ಸಂಖ್ಯೆ. ಭಾರತದ ಹಡಗಿನದಾದರೆ 419ರಿಂದ ಶುರು. ಆ ಸಂಖ್ಯೆಯನ್ನು ಸೆಟ್‌ಗೆ ಹಾಕಿಸದಿದ್ದರೆ ಗುಂಡಿ ಒತ್ತಿದರೂ ಕರೆ ಹೋಗುವುದಿಲ್ಲ. ಜಿಪಿಎಸ್ ಜೋಡಿಸದಿದ್ದರೆ ಎಲ್ಲಿಂದ ಬಂತು ಅಂತ ತಾನಾಗಿ ತಿಳಿಯುವುದಿಲ್ಲ. ನಿಮ್ಮ ಮನೆಯವರ ದೋಣಿಯಲ್ಲಿ ಈ ಎರಡೂ ಆಗಿದೆಯಾ ಅಂತ ನೋಡಿಕೊಳ್ಳಿ.

ಈಗ ನಿಮ್ಮ ಪ್ರಶ್ನೆಗಳು.