ಬ್ರೋಚಿನ ಬೆನ್ನು

ಆಕಾಶವಾಣಿ ಕೇಳುಗರಿಗೆ ನಮಸ್ಕಾರ.

ಮಂಗಳೂರಿನಲ್ಲಿ ಈಗ ಕಪಾಟು ತೆರೆದರೆ ಮೊದಲು ಬರುವುದು ಬೂಷ್ಟಿನ ವಾಸನೆ. ಮಳೆಗಾಲ ಅಲ್ವಾ. ಕಳೆದ ವಾರ ಸೀರೆಗಳ ನಡುವೆ ನುಸಿಗುಳಿಗೆ ಇಡೋಣ ಅಂತ ಕೈ ಹಾಕಿದೆ. ಹತ್ತಿಯಲ್ಲಿ ಸುತ್ತಿಟ್ಟ ಒಂದು ಪೊಟ್ಟಣ ಸಿಕ್ಕಿತು. ನನ್ನ ದೊಡ್ಡಮ್ಮನ ಬ್ರೋಚ್. ಅರ್ಧಚಂದ್ರದ ಆಕಾರ, ಹೆಬ್ಬೆರಳಿನಷ್ಟು ಉದ್ದ. 13 ಕಲ್ಲುಗಳು. ನಡುವಿನದು ದೊಡ್ಡದು, ಎರಡೂ ತುದಿಗೆ ಹೋಗುತ್ತಾ ಸಣ್ಣದಾಗುತ್ತವೆ.

ದೊಡ್ಡಮ್ಮ ಟೀಚರ್ ಆಗಿದ್ದರು. ದೊಡ್ಡಪ್ಪನಿಗೆ ಮುಂಬಯಿಯಲ್ಲಿ ಬ್ಯಾಂಕ್ ಕೆಲಸ. ನಮ್ಮೂರಿನ ಅರ್ಧ ಜನ ಆಗ ಅಲ್ಲೇ ಇದ್ದರು ಅನ್ನಿ. ದಾದರಿನಲ್ಲಿ ಪಕ್ಕದ ಮನೆಯ ಪಾರ್ಸಿ ಹೆಂಗಸು ಊರು ಬಿಡುವಾಗ ಸಾಮಾನು ಮಾರಿದರು. ಎಲ್ಲರೂ ಮೇಜು, ಕುರ್ಚಿ, ಗೋಡೆ ಗಡಿಯಾರ ತೆಗೆದುಕೊಂಡರು. ದೊಡ್ಡಮ್ಮ ತಂದದ್ದು ಇದು. ಬಿಳಿ ಸೀರೆಯ ಹೆಗಲಿಗೆ ಅದನ್ನು ಚುಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದರು. ಮಕ್ಕಳು ಗಾಜು ಅಂತ ತಿಳಿದುಕೊಂಡಿದ್ದರಂತೆ. ತಿಳಿದುಕೊಳ್ಳಲಿ, ಕಳ್ಳರೂ ಹಾಗೇ ತಿಳಿದರೆ ಒಳ್ಳೆಯದೇ ಅಂತ ಅವರ ಲೆಕ್ಕ.

ಸೀರೆಗೆ ಬ್ರೋಚ್ ಏಕೆ ಅಂತ ಈಗಿನವರು ಕೇಳಬಹುದು. ಸೆರಗನ್ನು ಎಡ ಹೆಗಲಿಗೆ ಹಾಕಿ ಬ್ರೋಚಿನಿಂದ ನಿಲ್ಲಿಸುವ ರೂಢಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಹಬ್ಬಿತು. ಅದಕ್ಕೆ ಮುಖ್ಯ ಕಾರಣ ಜ್ಞಾನದಾನಂದಿನಿ ದೇವಿ. ಅವರು ಬಂಗಾಳದವರು, ಮುಂಬಯಿಯಲ್ಲಿ ಪಾರ್ಸಿ ಹೆಂಗಸರು ಸೀರೆ ಉಡುವುದನ್ನು ನೋಡಿ ತಮ್ಮದೇ ರೀತಿ ಮಾಡಿಕೊಂಡರು. ಅವರ ಗಂಡ ಸತ್ಯೇಂದ್ರನಾಥ ಟ್ಯಾಗೋರ್ ನಮ್ಮ ಕಾರವಾರದಲ್ಲೇ ನ್ಯಾಯಾಧೀಶರಾಗಿದ್ದರು. ಹಾಗಾಗಿ ಬ್ರೋಚ್ ಪೂರ್ತಿ ಪರದೇಶದ್ದು ಅಂತ ದೂರ ಇಡಬೇಕಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹಳೆಯ ಬ್ರೋಚ್ ಯಾರಾದರೂ ತೋರಿಸಿದರೆ ಮೊದಲು ಅದನ್ನು ತಿರುಗಿಸಿ. ಬೆನ್ನು ನೋಡಿ. ಮುಂದಿನ ಮುಖ ನಮಗಾಗಿ ಸಿಂಗರಿಸಿಕೊಂಡು ನಿಂತಿರುತ್ತದೆ, ಬೆನ್ನಿಗೆ ಆ ನಾಟಕ ಬರುವುದಿಲ್ಲ.

ದೊಡ್ಡಮ್ಮನದ್ದನ್ನೇ ನೋಡಿ. ಮುಂದೆ ಕಪ್ಪು ಹಿಡಿದ ಬೆಳ್ಳಿ, ಹಿಂದೆ ಹಳದಿ ಚಿನ್ನ. ಒಬ್ಬರು ಇದನ್ನು ನೋಡಿ, 'ಬರೀ ಬೆಳ್ಳಿ, ಎಂಥದೂ ಇಲ್ಲ ಮಾರಾಯ್ರೆ' ಅಂದುಬಿಟ್ಟರು. ಆದರೆ ಆ ಕಾಲದ ಒಳ್ಳೆಯ ಕೆಲಸವೇ ಹಾಗೆ. ಚಿನ್ನದಲ್ಲಿ ಕೂರಿಸಿದರೆ ವಜ್ರಕ್ಕೆ ಹಳದಿ ಛಾಯೆ ಬರುತ್ತದೆ, ಅದಕ್ಕೆ ಮುಂದೆ ಬೆಳ್ಳಿ. ಬೆಳ್ಳಿ ಬಟ್ಟೆಗೆ ತಾಗಿದರೆ ಕಪ್ಪು ಕಲೆ, ಅದಕ್ಕೆ ಹಿಂದೆ ಚಿನ್ನ. 1900ರ ಆಸುಪಾಸಿನಲ್ಲಿ ಪ್ಲಾಟಿನಂ ಬಂತು, ಈ ಎರಡು ಪದರದ ಕೆಲಸ ಹಿಂದೆ ಸರಿಯಿತು. ಅಲ್ಲಿಯವರೆಗೆ ಯಾಕೆ ಬರಲಿಲ್ಲ ಅಂದರೆ, ಚಿನ್ನ 1064 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂಗೆ 1768 ಡಿಗ್ರಿ ಬೇಕು. ಊದುಕೊಳವೆಯ ಬೆಂಕಿಗೆ ಅದು ಜಗ್ಗುವುದಿಲ್ಲ.

ಆಮೇಲೆ ಕೊಕ್ಕೆ. ಹಳೆಯ ಬ್ರೋಚಿನ ಪಿನ್ನು ಬರೀ ಸಿ ಅಕ್ಷರದ ಹಾಗೆ ಬಗ್ಗಿಸಿದ ಒಂದು ತಂತಿಯಲ್ಲಿ ಕೂರುತ್ತದೆ. ಬೀಗ ಇಲ್ಲ, ಚಿಲಕ ಇಲ್ಲ. ಪಿನ್ನಿನ ಚೂಪು ತುದಿ ಕೊಕ್ಕೆ ದಾಟಿ ಸ್ವಲ್ಪ ಹೊರಗೇ ಬರುತ್ತದೆ. ತಿರುಗಿಸಿ ಮುಚ್ಚುವ ಕೊಕ್ಕೆ ಇದ್ದರೆ ಅದು 20ನೇ ಶತಮಾನದ್ದು, ಇಲ್ಲವೇ ಯಾರೋ ಆಮೇಲೆ ಹಾಕಿಸಿದ್ದು. ಬರೀ ಕೊಕ್ಕೆ ನೋಡಿ ವಯಸ್ಸು ಹೇಳಬೇಡಿ. ಹೊಸ ನಕಲಿಗೂ ಸಿ ಕೊಕ್ಕೆ ಹಾಕುವವರು ಇದ್ದಾರೆ. ಕೊಕ್ಕೆಯ ಬುಡದಲ್ಲಿ ಬೂದು ಬಣ್ಣದ ಉಂಡೆಯಂಥ ಬೆಸುಗೆ ಕಂಡರೆ ಅದು ಸೀಸದ ರಿಪೇರಿ. ಬೆಲೆ ಇಳಿಸಿ ಕೇಳಬಹುದು.

ಇನ್ನು ಕಲ್ಲು. ಕಲ್ಲಿನ ಹಿಂದೆ ತೂತು ಇದೆಯಾ, ಮುಚ್ಚಿದೆಯಾ? ನಮ್ಮ ಬೆಂಡೋಲೆಗಳಲ್ಲಿ ಇರುವ ಹಾಗೆ ಪೂರ್ತಿ ಮುಚ್ಚಿದ ಕಟ್ಟಡವಾದರೆ (ಕಲ್ಲನ್ನು ಕೂರಿಸಿದ ಲೋಹದ ಮನೆಗೆ ಕಟ್ಟಡ ಅನ್ನುತ್ತಾರೆ) ಒಳಗೆ ಹೊಳಪಿನ ತಗಡು ಇರಬಹುದು. ಈ ಪಾಠ ನಾನು ಕಲಿತದ್ದು ದುಡ್ಡು ಕೊಟ್ಟು. ಪರಿಚಯದ ಮನೆಯೊಂದರಿಂದ ಒಂದು ಹೂವಿನ ಬ್ರೋಚ್ ತೆಗೆದುಕೊಂಡಿದ್ದೆ. ಮುಚ್ಚಿದ ಕಟ್ಟಡ, ತುಂಬ ಚೆನ್ನಾಗಿತ್ತು. ತೊಳೆಯಲು ಒಂದು ಅಂಗಡಿಗೆ ಕೊಟ್ಟೆ. ಅವರು ಗುಂಯ್ ಅನ್ನುವ ಮಿಷನ್ನಿನ ನೀರಿಗೆ ಹಾಕಿ ತೆಗೆದರು. ಒಳಗೆ ನೀರು ಹೋಯಿತು, ತಗಡು ಕಪ್ಪಾಯಿತು. ಐದು ನಿಮಿಷದ ಹಿಂದೆ ನಗುತ್ತಿದ್ದ ಹೂವು ಮೀನಿನ ಕಣ್ಣಿನ ಹಾಗೆ ಮಂಕಾಗಿ ವಾಪಸ್ ಬಂತು. 'ಕಲ್ಲು ಅಲ್ಲೇ ಇದೆಯಲ್ಲ ಮೇಡಂ' ಅಂದರು. ಇತ್ತು, ಅಷ್ಟೇ. ಮುಚ್ಚಿದ ಕಟ್ಟಡಕ್ಕೆ ಒಣ ಬಟ್ಟೆ ಸಾಕು. ತೆರೆದ ಕಟ್ಟಡವಾದರೆ ಅಂಟುವಾಳದ ನೀರು, ಮೆತ್ತಗಿನ ಬ್ರಷ್ಷು. ಮುತ್ತು ಇದ್ದರೆ ಅದೂ ಬೇಡ. ವಜ್ರಕ್ಕೆ ಎಣ್ಣೆ ಜಿಡ್ಡು ಬೇಗ ಹಿಡಿಯುತ್ತದೆ. ಅರ್ಧ ಹೊಳಪು ಹೋಗುವುದು ಅದರಿಂದಲೇ.

ಹಳೆಯ ಕಲ್ಲನ್ನು ಗುರುತಿಸುವುದು ಹೇಗೆ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಇಟ್ಟುಕೊಳ್ಳಿ. ಈಗಿನ ದುಂಡು ವಜ್ರಕ್ಕೆ 57 ಅಥವಾ 58 ಮುಖಗಳು. ಎಲ್ಲ ಅಳತೆಗೆ ಸರಿಯಾಗಿ, ಒಂದರ ಹಾಗೆ ಇನ್ನೊಂದು. 1919ರಲ್ಲಿ ವಜ್ರ ಕಡಿಯುವ ಮನೆತನದ ಮಾರ್ಸೆಲ್ ಟೋಲ್ಕೋವ್‌ಸ್ಕಿ ಅದರ ಕೋನಗಳ ಲೆಕ್ಕವನ್ನು ಪ್ರಕಟಿಸಿದರು. ಅದಕ್ಕಿಂತ ಹಿಂದಿನ ಕಲ್ಲು ಹೆಚ್ಚಾಗಿ ಕೈಯಲ್ಲಿ, ಕಣ್ಣಳತೆಯಲ್ಲಿ ಕಡಿದದ್ದು. ಸ್ವಲ್ಪ ಚೌಕ, ಸ್ವಲ್ಪ ದುಂಡು, ದಿಂಬಿನ ಹಾಗೆ. ಮೇಲ್ಭಾಗ ಎತ್ತರ. ಮೇಲಿನಿಂದ ನೇರ ನೋಡಿದರೆ ನಟ್ಟ ನಡುವೆ ಒಂದು ಸಣ್ಣ ಚುಕ್ಕೆ, ರಂಧ್ರದ ಹಾಗೆ. ಅದು ದೋಷ ಅಲ್ಲ, ಕಾಗೆ ಕಾಲಿನ ಗುರುತಿನಂಥ ಕಾಕಪಾದವೂ ಅಲ್ಲ. ಕಲ್ಲಿನ ತಳದ ಮೊನೆಯನ್ನು ಚಪ್ಪಟೆ ಮಾಡಿರುತ್ತಾರೆ, ಅದು ಮೇಲಕ್ಕೆ ಕಾಣುತ್ತದೆ. ಇನ್ನೊಂದು ರೀತಿ ರೋಸ್ ಕಟ್. ತಳ ಚಪ್ಪಟೆ, ಮೇಲೆ ಗುಮ್ಮಟ, ಅದರಲ್ಲಿ ಹೆಚ್ಚೆಂದರೆ 24 ತ್ರಿಕೋನ ಮುಖಗಳು.

ಇವೆಲ್ಲ ದೀಪದ ಕಾಲದ ಕಲ್ಲುಗಳು. ಈಗಿನ ಮದುವೆ ಹಾಲಿನ ಬಿಳಿ ಎಲ್‌ಇಡಿ ಬೆಳಕಿನಲ್ಲಿ ಅವು ಸುಮ್ನೆ ಕೂರುತ್ತವೆ. ಉಡುಪಿಯ ಲಕ್ಷದೀಪೋತ್ಸವದ ದಿನ ರಥಬೀದಿಯಲ್ಲಿ ಹಣತೆಗಳ ಮುಂದೆ ನಿಂತು ನೋಡಿ. ಸಣ್ಣ ಸಣ್ಣ ಮಿಣುಕು ಅಲ್ಲ, ನಿಧಾನಕ್ಕೆ ಹೊರಳುವ ದೊಡ್ಡ ಬೆಳಕು.

ನಿಜವಾ ಸುಳ್ಳಾ ಅನ್ನುವುದಕ್ಕೆ ಮನೆಯ ಪರೀಕ್ಷೆ ಒಂದಿದೆ. ಕಲ್ಲಿನ ಮೇಲೆ ಬಾಯಿಯಿಂದ ಹಬೆ ಬಿಡಿ. ವಜ್ರ ಶಾಖವನ್ನು ಬೇಗ ಸಾಗಿಸುತ್ತದೆ. ಅದರ ಮೇಲಿನ ಮಂಜು ಥಟ್ಟನೆ ಹೋಗುತ್ತದೆ, ಗಾಜಿನದು ನಿಲ್ಲುತ್ತದೆ. ಮೊನ್ನೆ ಅರ್ಧಚಂದ್ರದ ಮೇಲೆ ಹಬೆ ಬಿಟ್ಟೆ. 12 ಕಲ್ಲು ಕಣ್ಣು ಮಿಟುಕಿಸುವುದರೊಳಗೆ ತಿಳಿಯಾದವು. ಎಡ ತುದಿಯಿಂದ ಎರಡನೆಯದು ಮಾತ್ರ ಮಂಜು ಹೊತ್ತುಕೊಂಡೇ ಕೂತಿತು. ಮಸೂರ ಹಿಡಿದು ನೋಡಿದೆ. ನಡುವೆ ಚುಕ್ಕೆ ಇಲ್ಲ, ಮುಖಗಳೆಲ್ಲ ಚೊಕ್ಕ. ಅಮೆರಿಕನ್ ಡೈಮಂಡ್! ತಿರುಗಿಸಿದರೆ ಬೆನ್ನಿನಲ್ಲೂ ಅಲ್ಲಿ ಮಾತ್ರ ಅರ ಆಡಿಸಿದ ಗೀರು. ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು? ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಯಿತು.

ಹಬೆಯ ಪರೀಕ್ಷೆ ನಂಬಿ ದುಡ್ಡು ಎಣಿಸಬೇಡಿ ಮತ್ತೆ. ಅಂಗಡಿಯಲ್ಲಿ ಪೆನ್ನಿನಂಥ ಯಂತ್ರ ಮುಟ್ಟಿಸಿ 'ಬೀಪ್' ಅನ್ನಿಸುತ್ತಾರಲ್ಲ, ಶಾಖ ಅಳೆಯುವ ಆ ಯಂತ್ರವನ್ನು ವಜ್ರದ ಹಾಗೆ ಕಾಣುವ ಮೊಯ್ಸನೈಟ್ ಅನ್ನುವ ಕಲ್ಲು ಕೂಡ ಮೋಸ ಮಾಡುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ವಜ್ರವಂತೂ ವಜ್ರವೇ, ಅದು ಬೀಪ್ ಅನ್ನದೆ ಏನು ಮಾಡುತ್ತದೆ? ದೊಡ್ಡ ಮೊತ್ತವಾದರೆ ರತ್ನ ಪರೀಕ್ಷೆಯ ಲ್ಯಾಬಿನ ವರದಿ ಕೇಳಿ.

ಮಾರುವವರ ಇನ್ನೊಂದು ಮಾತು, 'ಇದು ಗೋಲ್ಕೊಂಡದ ಕಲ್ಲು'. ಕೊಹಿನೂರ್ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ. ಕೊಹಿನೂರನ್ನು 1852ರಲ್ಲಿ ಮತ್ತೆ ಕಡಿಸಿದ ಮೇಲೆ ವಿಕ್ಟೋರಿಯಾ ರಾಣಿ ಬ್ರೋಚಿನಲ್ಲಿ ಧರಿಸಿದ್ದು ನಿಜ. ಆದರೆ 1880, 90ರ ಬ್ರೋಚುಗಳ ಕಲ್ಲು ಹೆಚ್ಚಾಗಿ ದಕ್ಷಿಣ ಆಫ್ರಿಕದ್ದು. ಅಲ್ಲಿ 1867ರ ಹೊತ್ತಿಗೆ ವಜ್ರ ಸಿಕ್ಕಿತು. ನಮ್ಮ ಅಜ್ಜಿಯರು 'ಬ್ಲೂ ಜಾಗರ್' ಅಂತ ಹೆಮ್ಮೆಯಿಂದ ಹೇಳುತ್ತಿದ್ದ ಕಲ್ಲೂ ಅಲ್ಲಿನ ಜಾಗರ್ಸ್‌ಫಾಂಟೀನ್ ಗಣಿಯ ಹೆಸರಿನದು.

ನೂರು ವರ್ಷ ಹಳೆಯದು ಅಂತ ಹೇಳಿದ ಬ್ರೋಚಿನಲ್ಲಿ ಚಿನ್ನದ ಹಾಲ್‌ಮಾರ್ಕಿನ ಜೊತೆ ಬರುವ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ ಗುರುತು ಕಂಡರೆ, ಆ ಗುರುತಾದರೂ ಈಚಿನದು. ಯಾಕೆ, ಯಾವಾಗ ಹಾಕಿಸಿದ್ದು ಅಂತ ಕೇಳಿ. ನಿಜವಾಗಿ ನೂರು ದಾಟಿದ್ದರೆ ಇನ್ನೊಂದು ವಿಷಯ ಇದೆ. ನಮ್ಮಲ್ಲಿ ಮಕ್ಕಳು ದುಬೈಯಲ್ಲೋ ಕೆನಡಾದಲ್ಲೋ ಇರುತ್ತಾರೆ, ಮಗಳಿಗೆ ಕೊಟ್ಟು ಕಳಿಸೋಣ ಅನ್ನಿಸುತ್ತದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪುರಾತತ್ವ ಇಲಾಖೆಯವರನ್ನು ಕೇಳಿಯೇ ಮುಂದುವರಿಯಿರಿ. ಏರ್‌ಪೋರ್ಟಿನಲ್ಲಿ ನಿಂತು ದೊಡ್ಡಮ್ಮನ ಕಥೆ ಹೇಳಿದರೆ ಯಾರೂ ಕೇಳುವುದಿಲ್ಲ.

ಧರಿಸುವ ಮಾತಿಗೆ ಬರೋಣ. ಬ್ರೋಚ್ ಸೆರಗಿನ ಭಾರ ಹೊರಬಾರದು. ನೆರಿಗೆಯನ್ನು ಒಳಗಿನಿಂದ ಎರಡು ಸಾದಾ ಪಿನ್ನು ಹಿಡಿಯಲಿ, ಬ್ರೋಚ್ ಮೇಲೆ ಅಲಂಕಾರಕ್ಕೆ ಕೂರಲಿ. ಉಡುಪಿ ಕೈಮಗ್ಗದ ಸೀರೆ ತೆಳ್ಳಗಿನ ಹತ್ತಿ, ಭಾರದ ಬ್ರೋಚ್ ಎಳೆಗಳನ್ನು ಜಗ್ಗಿ ತೂತು ಮಾಡುತ್ತದೆ. ಒಳಗೆ ಒಂದು ತುಂಡು ದಪ್ಪ ಬಟ್ಟೆ ಇಟ್ಟು, ರವಿಕೆಯ ಹೆಗಲ ಹೊಲಿಗೆಯನ್ನೂ ಸೇರಿಸಿ ಚುಚ್ಚಿ. ಜರಿಯ ಸೀರೆಯಲ್ಲಿ ಜರಿ ಬಿಟ್ಟು ರೇಷ್ಮೆಯ ಜಾಗ ಹುಡುಕಿ. ಬ್ರೋಚನ್ನು ಉದ್ದಕ್ಕೆ ಹಾಕುವುದಾದರೆ ಪಿನ್ನು ತಿರುಗುವ ಬುಡ ಮೇಲಕ್ಕೆ, ಅದರ ಮೊನೆ ಕೆಳಕ್ಕೆ ಇರಲಿ. ಕೊಕ್ಕೆ ಬಿಚ್ಚಿದರೂ ಅದರ ಭಾರಕ್ಕೆ ಅದೇ ನೇತಾಡಿಕೊಂಡು ಇರುತ್ತದೆ.

ಅರ್ಧಚಂದ್ರ ಅಡ್ಡಕ್ಕೆ ಹಾಕುವ ವಸ್ತು. ಉಡುಪಿಯ ಒಂದು ಮದುವೆಯಲ್ಲಿ ಅದು ನನ್ನ ಹೆಗಲಿನಿಂದ ಜಾರಿತು, ನನಗೆ ಗೊತ್ತೇ ಆಗಲಿಲ್ಲ. ಪಂಕ್ತಿ ಎದ್ದ ಮೇಲೆ ಎಲೆ ತೆಗೆಯುವ ಹುಡುಗ ಕೈಯೆತ್ತಿ, 'ಇದು ಯಾರದ್ದು?' ಅಂತ ಕೂಗಿದ. ಹಯಗ್ರೀವ ಮೆತ್ತಿಕೊಂಡ ಚಂದ್ರ! ಅಂದಿನಿಂದ ಕಿವಿಯೋಲೆಯ ಹಿಂದೆ ಹಾಕುವ ರಬ್ಬರ್ ಬಿರಡೆ ಇಟ್ಟುಕೊಂಡಿದ್ದೇನೆ. ಕೊಕ್ಕೆ ದಾಟಿ ಹೊರಗೆ ಬರುವ ಆ ಚೂಪು ತುದಿಗೆ ಅದನ್ನು ಸಿಕ್ಕಿಸಿದರೆ ಮುಗಿಯಿತು. ಎರಡು ರೂಪಾಯಿಯ ವಸ್ತು.

ಬ್ರೋಚ್ ಹಾಕಿದ ದಿನ ಕೊರಳು ಖಾಲಿ ಬಿಡಿ, ಕರಿಮಣಿ ಒಂದೇ ಸಾಕು. ನಮ್ಮ ಕಡೆ ಮದುವೆ ಅಂದರೆ ಮೈತುಂಬಾ ಚಿನ್ನ, ಅದರ ನಡುವೆ ಈ ಸಣ್ಣ ಚಂದ್ರ ಕಾಣುವುದೇ ಇಲ್ಲ. ಮಲ್ಲಿಗೆಯೂ ಹಾಗೇ. ಶಂಕರಪುರ ಮಲ್ಲಿಗೆ ಒಂದು ಚೆಂಡು ಮುಡಿದು ಎಡ ಹೆಗಲ ಮೇಲೆ ಇಳಿಬಿಟ್ಟರೆ ಬ್ರೋಚ್ ಅದರಡಿ ಸೇರಿಹೋಗುತ್ತದೆ. ದೊಡ್ಡಮ್ಮ ಅಂಥ ದಿನ ಅದನ್ನು ತುರುಬಿಗೇ ಸಿಕ್ಕಿಸುತ್ತಿದ್ದರು. ಗಂಡಸರೂ ಹಾಕಬಹುದು. ಇಲ್ಲಿನ ಕ್ರೈಸ್ತ ಮದುವೆಗಳಲ್ಲಿ ಕೋಟಿನ ಕಾಲರಿಗೆ ಒಂದು ಹಳೆಯ ಬ್ರೋಚ್ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಮತ್ತೆ ಆ ಸುಳ್ಳು ಕಲ್ಲು. ಹಳೆಯ ಕಲ್ಲು ಹುಡುಕಿ ಹಾಕಿಸೋಣ ಅಂತ ರಥಬೀದಿಯ ಆಚಾರಿಯವರಿಗೆ ಹೇಳಿಯೂ ಆಯಿತು. ಆ ಸಂಜೆ ಅಮ್ಮ ಜಗಲಿಯಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಮಸೂರ ಇನ್ನೂ ನನ್ನ ಕೈಯಲ್ಲಿತ್ತು. ಸುಮ್ನೆ ತಮಾಷೆಗೆ ಅವರ ಮೂಗುಬೊಟ್ಟಿನ ಹತ್ತಿರ ಹಿಡಿದೆ. ದಿಂಬಿನಂಥ ಆಕಾರ. ನಟ್ಟ ನಡುವೆ ಒಂದು ಸಣ್ಣ ಚುಕ್ಕೆ.

'ಅಮ್ಮಾ, ಇದು ಎಲ್ಲಿಯದು?'

'ನನ್ನ ಮದುವೆಗೆ ಅಕ್ಕ ಕೊಟ್ಟದ್ದು. ಬ್ರೋಚಿನಿಂದ ಬಿಚ್ಚಿಸಿ ಮಾಡಿಸಿದ್ದಂತೆ. ನಿನಗೆ ಗೊತ್ತಿರಲಿಲ್ವಾ?' ಅಂದು, ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆಚಾರಿಯವರಿಗೆ ಫೋನ್ ಮಾಡಿ ಬೇಡ ಅಂದಿದ್ದೇನೆ. ನಮಸ್ಕಾರ.